ನಲವತ್ತರ ಹತ್ತಿರ ಕಸುಬು ಕಲಿಯಲು ಹೊರಟರೆ: ವಯಸ್ಸಿನ ಗೆರೆ ಎಲ್ಲಿದೆ, ಎಲ್ಲಿಲ್ಲ

ಐಟಿಐ ಸೇರಲು ಕನಿಷ್ಠ ವಯಸ್ಸು 14. ಗರಿಷ್ಠ ವಯಸ್ಸು ಅಂತ ಒಂದಿಲ್ಲ. ಮೂವತ್ತಾರಕ್ಕೂ ಸೇರಬಹುದು, ಐವತ್ತಕ್ಕೂ ಸೇರಬಹುದು. 1961ರ ಅಪ್ರೆಂಟಿಸ್ ಕಾಯ್ದೆಯಲ್ಲೂ ಹಾಗೇ. ಕನಿಷ್ಠ 14 ವರ್ಷ, ಅಪಾಯದ ಕೆಲಸ ಇರುವ ಕಾರ್ಖಾನೆಗೆ 18 ಎಂದು ಬರೆದಿದ್ದಾರೆ. ಮೇಲಿನ ಮಿತಿ ಬರೆದಿಲ್ಲ.

ಇದನ್ನು ಕಲಬುರಗಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೇಳಿ ನೋಡಿ, ಪಕ್ಕದಲ್ಲಿ ಕೂತವರು ನಗುತ್ತಾರೆ. “ನಮ್ಮಂಥವ್ರಿಗಿ ಯಾರ ತಗೋತಾರ್ರೀ? ನಮ್ಮ ತಮ್ಮಗ ಗೇಟಿನಾಗೇ ವಾಪಸ್ ಕಳಿಸ್ಯಾರ” ಅನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಕಾಯ್ದೆ ಬಾ ಅನ್ನುತ್ತದೆ, ಗೇಟಿನಲ್ಲಿ ನಿಂತವರು ಬೇಡ ಅನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ವಿಷಯ ಇಷ್ಟೇ. ವಯಸ್ಸಿನ ಗೆರೆ ಒಂದಲ್ಲ. ಕಾಯ್ದೆಯ ಗೆರೆ ಬೇರೆ. ದುಡ್ಡು ಕೊಡುವ ಸರ್ಕಾರಿ ಯೋಜನೆಯ ಗೆರೆ ಬೇರೆ. ಕೆಲಸಕ್ಕೆ ತಗೊಳ್ಳುವ ಕಂಪನಿ ತನ್ನ ಜಾಹೀರಾತಿನಲ್ಲಿ ಎಳೆದುಕೊಂಡ ಗೆರೆ ಇನ್ನೂ ಬೇರೆ. ಒಂದು ಕಡೆ ಬೇಡ ಅಂದಾಕ್ಷಣ “ನನ್ನ ವಯಸ್ಸು ಮುಗೀತು” ಎಂದು ಮನೆಗೆ ಬರುವವರು ಜಾಸ್ತಿ. ಆ ಬೇಡ ಯಾರ ಬಾಯಿಂದ ಬಂತು ಎಂದು ಕೇಳುವವರು ಕಡಿಮೆ.

ಅಪ್ರೆಂಟಿಸ್ ಲೆಕ್ಕ

ಸರ್ಕಾರಿ ಕಾಗದದಲ್ಲಿ ಶಿಶಿಕ್ಷು ಎಂದಿರುತ್ತದೆ, ಬಾಯಲ್ಲಿ ಎಲ್ಲರೂ ಅಪ್ರೆಂಟಿಸ್ ಅನ್ನುವುದೇ. ಕಂಪನಿಯೊಳಗೆ ಇದ್ದು ಕೆಲಸ ಮಾಡುತ್ತಾ ಕಲಿಯುವುದು, ತಿಂಗಳಿಗಿಷ್ಟು ಸ್ಟೈಪೆಂಡ್ ಪಡೆಯುವುದು, ಕೊನೆಗೆ ಪ್ರಮಾಣಪತ್ರ ತಗೊಳ್ಳುವುದು. ಇದರ ಒಪ್ಪಂದ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಪೋರ್ಟಲ್‌ನಲ್ಲಿ ಹೆಸರೇ ಇಲ್ಲದೆ “ಅಪ್ರೆಂಟಿಸ್ ಅಂತ ಇಟ್ಕೊಂಡೀವಿ” ಎಂದರೆ ಅದು ಸುಮ್ನೆ ಅಗ್ಗದ ಕೂಲಿ. ಆರು ತಿಂಗಳಾದ ಮೇಲೆ ಕೈಯಲ್ಲಿ ಕಾಗದ ಇರುವುದಿಲ್ಲ.

30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ಗುತ್ತಿಗೆ ಕಾರ್ಮಿಕರೂ ಈ ಲೆಕ್ಕದಲ್ಲಿ ಸೇರುತ್ತಾರೆ. 4ರಿಂದ 29 ಜನ ಇರುವ ಕಡೆ ಇದು ಮಾಲೀಕರ ಇಷ್ಟ. ನಮ್ಮ ಭಾಗಕ್ಕೆ ಇದನ್ನು ಹೊಂದಿಸಿ ನೋಡಿ. ಸೇಡಂ, ಮಳಖೇಡ, ವಾಡಿ ಕಡೆಯ ದೊಡ್ಡ ಸಿಮೆಂಟ್ ಕಾರ್ಖಾನೆಗಳು ತಗೊಳ್ಳಲೇಬೇಕಾದವರ ಸಾಲಿನಲ್ಲಿ ಬರುತ್ತವೆ. ಕಪನೂರು ಕಡೆಯ ಸಣ್ಣ ದಾಲ್ ಮಿಲ್ಲಿನಲ್ಲಿ ಹತ್ತು ಹದಿನೈದು ಜನ ಇದ್ದರೆ ಅದು ಮಾಲೀಕರಿಗೆ ಬಿಟ್ಟದ್ದು. ಹುಮನಾಬಾದ್, ಕೊಳ್ಹಾರ, ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿ ಎರಡೂ ಥರದವು ಸಿಗುತ್ತವೆ.

ಇನ್ನು ದುಡ್ಡು. 2019ರಲ್ಲಿ ತಿದ್ದುಪಡಿಯಾದ ನಿಯಮದ ಪ್ರಕಾರ ಕನಿಷ್ಠ ಸ್ಟೈಪೆಂಡ್ ಓದಿನ ಮೇಲೆ ನಿಂತಿದೆ. ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ ತಿಂಗಳಿಗೆ 5,000 ರೂಪಾಯಿ, ಎಸ್ಸೆಸ್ಸೆಲ್ಸಿ ಆದವರಿಗೆ 6,000, ಪಿಯುಸಿ ಅಥವಾ ಐಟಿಐ ಆದವರಿಗೆ 7,000, ಡಿಪ್ಲೊಮಾಗೆ 8,000, ಪದವಿಗೆ 9,000. ಎರಡನೇ ವರ್ಷ ಶೇ. 10, ಮೂರನೇ ವರ್ಷ ಶೇ. 15 ಏರಿಕೆ. ಈ ಮೊತ್ತವನ್ನು 6,800ರಿಂದ 12,300ರವರೆಗೆ ಏರಿಸಬೇಕು ಎಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಹಾಗಾಗಿ ಸಹಿ ಹಾಕುವ ದಿನ ಯಾವ ದರ ನಡೆಯುತ್ತಿದೆ ಎಂದು ಕೇಳಿಯೇ ಸಹಿ ಹಾಕಿ. ಇದೆಲ್ಲ ಕನಿಷ್ಠ ಮಾತ್ರ. ಕಂಪನಿ ಇದಕ್ಕಿಂತ ಜಾಸ್ತಿ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ.

ಈಗ ಮೂವತ್ತೈದರ ಗುಟ್ಟಿಗೆ ಬರೋಣ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಕೊಡುತ್ತದೆ. ಈಗ ಅದು ನೇರವಾಗಿ ಕಲಿಯುವವರ ಖಾತೆಗೇ ಬರುತ್ತದೆ. ಆದರೆ ಈ ನೆರವು 14ರಿಂದ 35 ವರ್ಷದವರಿಗೆ ಮಾತ್ರ. ಅಂದರೆ ನಿಮಗೆ 38 ಆಗಿದ್ದರೆ ಕಾಯ್ದೆ ನಿಮ್ಮನ್ನು ತಡೆಯುವುದಿಲ್ಲ, ನಿಮ್ಮ ಪೂರ್ತಿ ಸ್ಟೈಪೆಂಡ್ ಮಾಲೀಕರ ಜೇಬಿನಿಂದ ಹೋಗಬೇಕಾಗುತ್ತದೆ, ಅಷ್ಟೇ. ಸಣ್ಣ ಕಾರ್ಖಾನೆಯ ಮಾಲೀಕರಿಗೆ 1,500 ಕೂಡ ಲೆಕ್ಕವೇ. ಅದನ್ನು ಬಾಯಿಬಿಟ್ಟು ಹೇಳದೆ “ಏಜ್ ಬಾರ್ ಆಗೇದ” ಅಂದುಬಿಡುತ್ತಾರೆ. ಇದು ಗೊತ್ತಿದ್ದರೆ ಮಾತಾಡಲು ಒಂದು ಎಳೆ ಸಿಗುತ್ತದೆ. “ನನ್ನ ಪಾಲಿಗೆ ಸರ್ಕಾರದ ಹಣ ಬರೋದಿಲ್ಲ ಅಂತ ಗೊತ್ತು. ಆದರೆ ನನಗೆ ಸೈಟಿನ ಕೆಲಸ ಗೊತ್ತಿದೆ, ಮೊದಲನೇ ದಿನದಿಂದ ಕೈಗೆ ಬರ್ತೀನಿ” ಎಂದು ಹೇಳಬಹುದು. ಎಲ್ಲರೂ ಒಪ್ಪುವುದಿಲ್ಲ. ಕೆಲವರು ಒಪ್ಪುತ್ತಾರೆ.

ರೈಲ್ವೆಯದು ಬೇರೆ ಕಥೆ. ಅಲ್ಲಿ ಅಪ್ರೆಂಟಿಸ್ ಜಾಹೀರಾತಿನಲ್ಲೇ 15ರಿಂದ 24 ವರ್ಷ ಎಂದಿರುತ್ತದೆ. ಎಸ್‌ಸಿ, ಎಸ್‌ಟಿಯವರಿಗೆ ಐದು ವರ್ಷ, ಒಬಿಸಿಯವರಿಗೆ ಮೂರು ವರ್ಷ, ಅಂಗವಿಕಲರಿಗೆ ಹತ್ತು ವರ್ಷ ಸಡಿಲಿಕೆ. 36ರಲ್ಲಿ ಅಲ್ಲಿ ವಾದ ಮಾಡಿ ಉಪಯೋಗವಿಲ್ಲ. ಅರ್ಜಿ ಶುಲ್ಕ ಉಳಿಸಿಕೊಳ್ಳಿ.

ಇನ್ನೊಂದು ಮಾತು ಸಹಿ ಹಾಕುವ ಮೊದಲೇ ತಿಳಿದಿರಲಿ. ಅಪ್ರೆಂಟಿಸ್ ಆದವರು ಕಾಯ್ದೆಯ ಕಣ್ಣಲ್ಲಿ ಕಲಿಯುವವರು, ನೌಕರರಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂಬ ಕಟ್ಟುಪಾಡೂ ಕಂಪನಿಗಿಲ್ಲ, ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಉಂಟು. ಆದರೆ ಕೆಲಸದ ಜಾಗದಲ್ಲಿ ಪೆಟ್ಟಾದರೆ ಪರಿಹಾರಕ್ಕೆ ಹಕ್ಕಿದೆ. ಇಪ್ಪತ್ತರ ಹುಡುಗರು ಇದನ್ನೆಲ್ಲ ಕೇಳದೆ ಸೇರಿಬಿಡುತ್ತಾರೆ, ನಡೆಯುತ್ತದೆ. ಹೆಂಡತಿ, ಎರಡು ಮಕ್ಕಳು, ಬೆಳೆಸಾಲ ಇರುವವರು ಕೇಳಲೇಬೇಕು.

ಮನೆ ನಡೆಯುವ ಲೆಕ್ಕ

ವಯಸ್ಸಾದ ಮೇಲೆ ಕಲಿಯಲು ನಿಜವಾದ ಅಡ್ಡಿ ಎಲ್ಲಿದೆ ಎಂದು ಕೇಳಿದರೆ ನಾನು ತೋರಿಸುವುದು ಇದನ್ನು. ಜನ್ಮದಿನಾಂಕವನ್ನಲ್ಲ.

ದಿನಕ್ಕೆ 600 ರೂಪಾಯಿ ಕೂಲಿ, ತಿಂಗಳಿಗೆ 22 ದಿನ ಕೆಲಸ ಅಂದುಕೊಳ್ಳಿ. 13,200 ಆಯಿತು. ಎಸ್ಸೆಸ್ಸೆಲ್ಸಿ ಆದವರು ಅಪ್ರೆಂಟಿಸ್ ಸೇರಿದರೆ 6,000. ತಿಂಗಳಿಗೆ 7,200 ಕಡಿಮೆ, ವರ್ಷಕ್ಕೆ 86,400. ಐಟಿಐ ಸೇರಿದರೆ ಆ 6,000 ಕೂಡ ಇಲ್ಲ. ಮನೆಯಲ್ಲಿ ಗೃಹಲಕ್ಷ್ಮಿಯ 2,000 ಬರುತ್ತಿರಬಹುದು, ಅಕ್ಕಿಯ ಖರ್ಚು ರೇಷನ್‌ನಲ್ಲಿ ತಪ್ಪಬಹುದು. ಉಳಿದದ್ದು ಎಲ್ಲಿಂದ ಬರುತ್ತದೆ ಎಂದು ಸೇರುವ ಮೊದಲು ಮನೆಯವರ ಜತೆ ಕೂತು ಬರೆದು ನೋಡಬೇಕು. ಬರೆದು ಅನ್ನುವುದು ಬೇಕಂತಲೇ. ಬಾಯಲ್ಲಿ “ಹೆಂಗರ ಆಗ್ತದ ಬಿಡು” ಎಂದು ಸೇರಿದವರು ಮಧ್ಯದಲ್ಲಿ ಬಿಟ್ಟುಹೋಗುವುದು ಸಾಮಾನ್ಯ. ಮಧ್ಯದಲ್ಲಿ ಬಿಟ್ಟ ತರಬೇತಿಗೆ ಅರ್ಧ ಬೆಲೆಯೂ ಇಲ್ಲ.

ಹೊಲ ಇರುವವರಿಗೆ ಇನ್ನೊಂದು ತೊಡಕಿದೆ. ಐಟಿಐ ಪ್ರವೇಶದ ಓಡಾಟ ಶುರುವಾಗುವುದು ಮುಂಗಾರಿನ ಹೊತ್ತಿಗೆ. ತೊಗರಿ ಬಿತ್ತನೆಯೂ ಅದೇ ಹೊತ್ತಿಗೆ. ಮುಂದೆ ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಐಟಿಐನಲ್ಲಿ ಶೇ. 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆದ್ದರಿಂದ ರಾಶಿಯ ಹದಿನೈದು ದಿನಕ್ಕೆ ಯಾರು ಅಂತ ಜೂನ್‌ನಲ್ಲೇ ತಮ್ಮನ ಜತೆಯೋ ಭಾವನ ಜತೆಯೋ ಮಾತು ಮುಗಿಸಿಕೊಂಡಿರಬೇಕು.

ಐಟಿಐ ಒಳಗೆ

ಮೂವತ್ತು ದಾಟಿದವರಿಗೆ ನಾನು ಒಂದು ವರ್ಷದ ಟ್ರೇಡ್‌ಗಳನ್ನೇ ಹೇಳುತ್ತೇನೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ, ಅದರ ಮೇಲೆ ಒಂದು ವರ್ಷ ಅಪ್ರೆಂಟಿಸ್ ಎಂದರೆ ಮೂರು ವರ್ಷ ಹೋಯಿತು. ಮನೆಯಲ್ಲಿ ಇನ್ನೊಬ್ಬರ ಸಂಪಾದನೆ ಇದ್ದರೆ ಸರಿ, ಇಲ್ಲದಿದ್ದರೆ ಕಷ್ಟ. ವೆಲ್ಡರ್, ಪ್ಲಂಬರ್, ಡೀಸೆಲ್ ಮೆಕ್ಯಾನಿಕ್, ಹೊಲಿಗೆ, ಕಂಪ್ಯೂಟರ್ ಆಪರೇಟರ್ ಇವೆಲ್ಲ ಒಂದು ವರ್ಷದವು. ವೆಲ್ಡರ್‌ಗೆ ಎಂಟನೇ ತರಗತಿ ಪಾಸಾಗಿದ್ದರೂ ಸಾಕು, ಹೊಲಿಗೆಗೂ ಹಾಗೇ. ಎಸ್ಸೆಸ್ಸೆಲ್ಸಿ ಫೇಲಾಗಿ ಪುಣೆಗೋ ಹೈದರಾಬಾದಿಗೋ ಹೋದವರಿಗೆ ಇದು ದೊಡ್ಡ ಬಾಗಿಲು. ರಾಷ್ಟ್ರೀಯ ಮುಕ್ತ ಶಾಲೆಯ (ಎನ್‌ಐಒಎಸ್) ಭಾಷಾ ಪರೀಕ್ಷೆಯನ್ನೂ ಬರೆದು ಐಟಿಐ ಓದಿಗೆ ಎಸ್ಸೆಸ್ಸೆಲ್ಸಿಯ ಸಮಾನತೆ ಪಡೆಯುವ ದಾರಿಯೂ ಇದೆ, ನಿಮ್ಮ ಟ್ರೇಡಿಗೆ ಅದು ಅನ್ವಯಿಸುತ್ತದಾ ಎಂದು ಕೇಳಿಕೊಳ್ಳಿ.

ಸೀಟು ಸಿಗುವ ವಿಷಯದಲ್ಲಿ ಕಲಬುರಗಿ, ಬೀದರ್, ಯಾದಗಿರಿಯವರಿಗೆ ಒಂದು ಅನುಕೂಲ ಇದೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬರೀ ನೌಕರಿಗೆ ಎಂದುಕೊಂಡವರು ತುಂಬ ಜನ. ಆ ವಿಧಿಯಲ್ಲೇ ಶಿಕ್ಷಣ ಸಂಸ್ಥೆಗಳ ಜತೆಗೆ ವೃತ್ತಿ ತರಬೇತಿ ಸಂಸ್ಥೆಗಳ ಸೀಟಿನ ಮಾತೂ ಇದೆ. ಈ ಭಾಗದಲ್ಲಿ ಹುಟ್ಟಿದವರು ಅಥವಾ ನೆಲೆಸಿದವರಿಗೆ ಅದು ಅನ್ವಯಿಸುತ್ತದೆ. ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರು. ಕಲಬುರಗಿ ಜಿಲ್ಲೆಯವರಾದರೆ ಕಲಬುರಗಿ ಇಲ್ಲವೇ ಸೇಡಂ ಉಪವಿಭಾಗ, ಬೀದರ್‌ನವರಾದರೆ ಬೀದರ್ ಇಲ್ಲವೇ ಬಸವಕಲ್ಯಾಣ. ಮಗನ ಕಾಲೇಜಿಗೆ ಅಂತ ಮಾಡಿಸುವಾಗ ಅಪ್ಪನೂ ತನ್ನದನ್ನು ಮಾಡಿಸಿಟ್ಟುಕೊಳ್ಳಬಹುದಲ್ವಾ? ಯಾರೂ ಮಾಡಿಸುವುದಿಲ್ಲ.

ವರ್ಕ್‌ಶಾಪಿನಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ಹಿಂಜರಿಕೆ ಹುಟ್ಟುವುದೇ ಅಲ್ಲಿ. ಚಿತ್ತಾಪುರ ಕಡೆಯ ಒಬ್ಬರು, ವಯಸ್ಸು ನಲವತ್ತರ ಹತ್ತಿರ, ಪುಣೆಯ ಕಟ್ಟಡಗಳಲ್ಲಿ ವರ್ಷಗಟ್ಟಲೆ ದುಡಿದು ಬಂದವರು, ವೆಲ್ಡಿಂಗ್ ಬೆಂಚಿನ ಮುಂದೆ ನಿಂತಿದ್ದರು. ಸುತ್ತ ಹದಿನೇಳು ಹದಿನೆಂಟರ ಹುಡುಗರು. ಕಲಿಸುವ ಮಾಸ್ತರರೂ ಇವರಿಗಿಂತ ಚಿಕ್ಕವರು. ರಾಡ್ ತಗಡಿಗೆ ಮುಟ್ಟಿಸಿದ ಕೂಡಲೇ ಅಂಟಿಕೊಂಡಿತು. ಕಿತ್ತು ಮತ್ತೆ ಮುಟ್ಟಿಸಿದರು, ಮತ್ತೆ ಅಂಟಿತು. “ಕಾಕಾ, ಒತ್ತಬ್ಯಾಡ್ರಿ. ರಾಡ್ ಎಷ್ಟ ದಪ್ಪ ಅದನೋ ಅಷ್ಟೇ ದೂರ ಹಿಡೀರಿ. ಹಗೂರಕ ಎಳೀರಿ” ಅಂದರು ಮಾಸ್ತರರು. ಹುಡುಗರು ಮುಸಿಮುಸಿ ನಕ್ಕರು. ಇವರು ಮುಖಕ್ಕೆ ಶೀಲ್ಡ್ ಇಳಿಸಿಕೊಂಡು ಮತ್ತೆ ಶುರು ಮಾಡಿದರು. ಗೆರೆ ಮುಗಿದ ಮೇಲೆ ಮೇಲೆ ಕಟ್ಟಿದ ಸ್ಲ್ಯಾಗ್ ಹಕ್ಕಳೆಯನ್ನು ಸುತ್ತಿಗೆಯಿಂದ ತಟ್ಟಿ ತೆಗೆದು, ತಂತಿ ಬ್ರಷ್‌ನಿಂದ ಉಜ್ಜಿ ನೋಡಿದರೆ ಅಲ್ಲಲ್ಲಿ ಗಂಟು, ಅಲ್ಲಲ್ಲಿ ತೂತು. ಪಕ್ಕದ ಹುಡುಗನದೂ ಹಾಗೇ ಇತ್ತು.

ಇಲ್ಲಿ ವಯಸ್ಸಾದವರಿಗೆ ಒಂದು ಲಾಭ, ಒಂದು ನಷ್ಟ. ಅಳತೆ, ಮಟ್ಟ, ತೂಗುಗುಂಡು, ಭಾರ ಎತ್ತುವ ಉಪಾಯ ಇವೆಲ್ಲ ಸೈಟಿನಲ್ಲಿ ದುಡಿದವರಿಗೆ ಆಗಲೇ ಕೈಗೆ ಹತ್ತಿರುತ್ತವೆ. ಹುಡುಗರಿಗೆ ಅದನ್ನು ಹೇಳಿಕೊಡಬೇಕು. ನಷ್ಟ ಏನಪ್ಪಾ ಅಂದರೆ ಹಳೇ ರೂಢಿ. ಕಪ್ಪು ಕನ್ನಡಕ ಹಾಕಿಕೊಂಡು ಬರಿಗೈಲಿ ವೆಲ್ಡಿಂಗ್ ಮಾಡಿದವರಿಗೆ ಶೀಲ್ಡ್, ಗ್ಲೌಸ್, ಏಪ್ರನ್ ಎಲ್ಲ ಕಿರಿಕಿರಿ ಅನ್ನಿಸುತ್ತದೆ. ಕಲಿತದ್ದನ್ನು ಬಿಡುವುದು ಹೊಸದು ಕಲಿಯುವುದಕ್ಕಿಂತ ನಿಧಾನ. ಇನ್ನು ಸಿದ್ಧಾಂತದ ಪರೀಕ್ಷೆ ಕಂಪ್ಯೂಟರ್‌ನಲ್ಲಿ. ಕೆಲಸ ಬಲ್ಲವರು ಮೌಸ್ ಹಿಡಿಯಲು ಬಾರದೆ ಅಂಕ ಕಳೆದುಕೊಳ್ಳಬಾರದು. ಮನೆಯಲ್ಲಿ ಮಗಳಿಗೆ ಗೊತ್ತಿರುತ್ತದೆ, ಅವಳ ಹತ್ತಿರ ಕೂತು ಕಲಿಯಿರಿ. ಹತ್ತಿರದ್ದು ಮಸುಕು ಕಾಣುತ್ತಿದ್ದರೆ ಸೇರುವ ಮೊದಲೇ ಚಾಳೀಸು ಕನ್ನಡಕ ಮಾಡಿಸಿಕೊಳ್ಳಿ. ವರ್ನಿಯರ್ ಸ್ಕೇಲಿನ ಗೆರೆ ಕಾಣದೆ ತಪ್ಪು ಓದಿ, ತನಗೆ ಲೆಕ್ಕವೇ ಬರುವುದಿಲ್ಲ ಎಂದು ನಂಬಿಕೊಂಡವರೂ ಇದ್ದಾರೆ.

ಖಾಸಗಿ ಐಟಿಐ ಸೇರುವವರು ಒಂದನ್ನು ಖಚಿತ ಮಾಡಿಕೊಳ್ಳಿ. ಆ ಸಂಸ್ಥೆಗೆ, ಅದರಲ್ಲೂ ಆ ಟ್ರೇಡಿಗೆ, ರಾಷ್ಟ್ರೀಯ ಮಟ್ಟದ ಮಾನ್ಯತೆ ಇದೆಯಾ? ಕೊನೆಗೆ ಸಿಗುವುದು ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರವಾ, ಇಲ್ಲ ಅವರದೇ ಮುದ್ರೆ ಒತ್ತಿದ ಕಾಗದವಾ? “ಕ್ಲಾಸಿಗೆ ಬರೋದೇನೂ ಬೇಕಾಗಿಲ್ಲ, ನಾವು ನೋಡ್ಕೋತೀವಿ” ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸರ್ಕಾರಿ ನೌಕರಿ ಮನಸ್ಸಿನಲ್ಲಿ ಇಟ್ಟುಕೊಂಡು ಐಟಿಐ ಸೇರುವವರಿಗೂ ಒಂದು ಮಾತು. ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಯವರಿಗೆ 38, ಎಸ್‌ಸಿ, ಎಸ್‌ಟಿ ಮತ್ತು ಪ್ರವರ್ಗ 1ಕ್ಕೆ 40. ಆಗಾಗ ಒಂದು ಸಲಕ್ಕೆ ಅಂತ ಸಡಿಲಿಕೆ ಬರುವುದುಂಟು, ಅದನ್ನು ನಂಬಿ ಕೂರಬೇಡಿ. 36ಕ್ಕೆ ಎಲೆಕ್ಟ್ರಿಷಿಯನ್ ಸೇರಿ 38ಕ್ಕೆ ಮುಗಿಸಿದರೆ, ಸಡಿಲಿಕೆ ಇಲ್ಲದಿದ್ದರೆ ಸಾಮಾನ್ಯ ವರ್ಗದವರಿಗೆ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ಓದಲು ವಯಸ್ಸಿಲ್ಲ, ನೌಕರಿಗೆ ಇದೆ. ಖಾಸಗಿ ಕೆಲಸಕ್ಕೋ ಸ್ವಂತ ಅಂಗಡಿಗೋ ಅಂತ ಮೊದಲೇ ನಿರ್ಧಾರ ಮಾಡಿಕೊಂಡು ಸೇರಿದರೆ ಆಮೇಲೆ ಬೇಜಾರಿಲ್ಲ.

ಕೆಲಸ ಗೊತ್ತು, ಕಾಗದ ಇಲ್ಲ

ನಮ್ಮ ಕಡೆ ನಲವತ್ತರ ಆಸುಪಾಸಿನವರಲ್ಲಿ ತುಂಬ ಜನ ಇರುವುದು ಈ ಗುಂಪಿನಲ್ಲಿ. ಇಪ್ಪತ್ತು ವರ್ಷ ಗೌಂಡಿ ಕೆಲಸ ಮಾಡಿರುತ್ತಾರೆ, ಬಡಗಿ ಕೆಲಸ ಮಾಡಿರುತ್ತಾರೆ, ಒಂದು ಪ್ರಮಾಣಪತ್ರ ಇರುವುದಿಲ್ಲ. ಇವರು ಮತ್ತೆ ಮೊದಲಿನಿಂದ ಐಟಿಐ ಸೇರಬೇಕು ಎಂದು ನಾನಂತೂ ಹೇಳುವುದಿಲ್ಲ. ಗೊತ್ತಿರುವುದನ್ನೇ ಪರೀಕ್ಷೆ ಮಾಡಿ ಕಾಗದ ಕೊಡುವ ವ್ಯವಸ್ಥೆ ಇದೆ. ಪೂರ್ವ ಕಲಿಕೆಯ ಮಾನ್ಯತೆ ಅನ್ನುತ್ತಾರೆ, ಆರ್‌ಪಿಎಲ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ನಾಲ್ಕನೇ ಹಂತದಲ್ಲಿ ಇದಕ್ಕೆ 18ರಿಂದ 59 ವರ್ಷದವರೆಗೆ ಅವಕಾಶ. ಅದೇ ಯೋಜನೆಯ ಅಲ್ಪಾವಧಿ ತರಬೇತಿಗೆ ಮಾತ್ರ 45ಕ್ಕೆ ಗೆರೆ. ಸ್ವಲ್ಪ ತಿಳಿವಳಿಕೆ ಕೊಟ್ಟು, ಕೆಲಸ ಮಾಡಿಸಿ ನೋಡಿ, ಪ್ರಮಾಣಪತ್ರ ಕೊಡುತ್ತಾರೆ.

ಕೈಕಸುಬಿನವರಿಗೆ ಪಿಎಂ ವಿಶ್ವಕರ್ಮ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಕನಿಷ್ಠ 18 ವರ್ಷ, ಮೇಲಿನ ಮಿತಿ ಇಲ್ಲ. ಬಡಗಿ, ಕಮ್ಮಾರ, ಕುಂಬಾರ, ಗೌಂಡಿ, ಸಿಂಪಿಗ, ಕ್ಷೌರಿಕ, ಅಗಸ, ಚಮ್ಮಾರ, ಅಕ್ಕಸಾಲಿ ಸೇರಿ 18 ಕಸುಬುಗಳು. ಐದರಿಂದ ಏಳು ದಿನದ ಮೂಲ ತರಬೇತಿ, ಅಷ್ಟೂ ದಿನ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000ದ ವೋಚರ್. ಆಮೇಲೆ ಶೇ. 5 ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರೇ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಆಗುವುದಿಲ್ಲ. ಇದು ಹೊಸದಾಗಿ ಕಸುಬು ಕಲಿಯುವವರಿಗಲ್ಲ, ಆಗಲೇ ಮಾಡುತ್ತಿರುವವರಿಗೆ. “ಟೇಲರಿಂಗ್ ಕಲೀಬೇಕು ಅಂತೀನಿ, ವಿಶ್ವಕರ್ಮದಾಗ ಹಾಕ್ಸಿ” ಎಂದು ಬರುವ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಅವರಿಗೆ ಸರಿಹೊಂದುವುದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಆರ್‌ಸೆಟಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯನ್ನೇ ಇಡೀ ದೇಶ ತಗೊಂಡಿತು. ಈಗ ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುತ್ತವೆ. ತರಬೇತಿ ಉಚಿತ, ಊಟ ವಸತಿಯೂ ಉಚಿತ. ಹೈನುಗಾರಿಕೆಯಂಥವು ಹತ್ತು ದಿನಕ್ಕೆ ಮುಗಿಯುತ್ತವೆ. ಹೊಲಿಗೆ, ಮೊಬೈಲ್ ರಿಪೇರಿ, ಮೋಟಾರ್ ರಿವೈಂಡಿಂಗ್ ತಿಂಗಳ ಆಸುಪಾಸು. ವಯಸ್ಸು ಸಾಮಾನ್ಯವಾಗಿ 18ರಿಂದ 45. ಹಳ್ಳಿಯವರಿಗೆ ಮೊದಲ ಆದ್ಯತೆ. ತರಬೇತಿ ಮುಗಿದ ಮೇಲೆ ಎರಡು ವರ್ಷದವರೆಗೆ ವಿಚಾರಿಸಿಕೊಳ್ಳುವುದು, ಬ್ಯಾಂಕ್ ಸಾಲಕ್ಕೆ ಜತೆಗಿರುವುದು ಅವರ ಕೆಲಸದಲ್ಲೇ ಸೇರಿದೆ. ತೊಗರಿ ರಾಶಿ ಮುಗಿದು ಮುಂಗಾರು ಬರುವ ತನಕ ಹೊಲದಲ್ಲಿ ಕೆಲಸ ಕಡಿಮೆ ಇರುವ ತಿಂಗಳುಗಳಲ್ಲಿ ಬ್ಯಾಚ್ ಹಿಡಿದರೆ ರೈತ ಮನೆಯವರಿಗೆ ಎರಡೂ ನಡೆಯುತ್ತದೆ. ಅಕ್ಷರ ಅಷ್ಟಾಗಿ ಬಾರದವರಿಗೆ ಜನ ಶಿಕ್ಷಣ ಸಂಸ್ಥೆಗಳಿವೆ, ಅಲ್ಲೂ 45ರವರೆಗೆ. ಹಳ್ಳಿ ಯುವಜನರನ್ನು ಕೆಲಸಕ್ಕೆ ಹಚ್ಚುವ ದೀನ ದಯಾಳ್ ಯೋಜನೆಯಲ್ಲಿ ಗಂಡಸರಿಗೆ 35, ಹೆಂಗಸರಿಗೆ ಮತ್ತು ಅಂಗವಿಕಲರಿಗೆ 45.

ಹೆಂಗಸರು ಜಾಸ್ತಿ ಕೇಳುವ ಇನ್ನೊಂದು ನರ್ಸಿಂಗ್. ಮಕ್ಕಳು ಸಾಲಿಗೆ ಹೋಗತೊಡಗಿದ ಮೇಲೆ ಓದಬೇಕು ಅನ್ನುವವರು ಕಲಬುರಗಿ, ಬೀದರ್‌ನಲ್ಲಿ ತುಂಬ ಇದ್ದಾರೆ. ನರ್ಸಿಂಗ್ ಡಿಪ್ಲೊಮಾ ಆದ ಜಿಎನ್ಎಂಗೆ ಮಾತ್ರ 17ರಿಂದ 35 ಎಂಬ ಗೆರೆ ಗಟ್ಟಿಯಾಗಿದೆ. 33 ಆಗಿದ್ದರೆ ಮುಂದಿನ ವರ್ಷ ನೋಡೋಣ ಅನ್ನಬೇಡಿ.

ಬೀದರ್‌ನ ಓಣಿಯಲ್ಲಿ ಕಾಗದವಿಲ್ಲದ ಪಾಠ

ಪೋರ್ಟಲ್, ಒಪ್ಪಂದ ಏನೂ ಇಲ್ಲದೆ ಉಸ್ತಾದರ ಪಕ್ಕ ಕೂತು ಕಲಿಯುವ ಪದ್ಧತಿ ಬೀದರ್‌ನಲ್ಲಿ ಇನ್ನೂ ಇದೆ. ಚೌಬಾರಾ ಸುತ್ತಿನ ಓಣಿಗಳಲ್ಲಿ ಬಿದ್ರಿ ಕೆಲಸದ ದುಕಾನುಗಳಲ್ಲಿ ಹೋಗಿ ನಿಂತರೆ ಸುತ್ತಿಗೆಯ ಸಣ್ಣ ಸದ್ದು ಕೇಳುತ್ತದೆ. 2006ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಕಲೆ ಇದು. 2023ರಲ್ಲಿ ಇಲ್ಲಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅವರೂ ಕಲಿತದ್ದು ತಂದೆಯ ಹತ್ತಿರ.

ವಯಸ್ಸಾದವರು ಇದನ್ನು ಕಲಿಯಬಹುದಾ? ಕೆಲಸವನ್ನು ಬಿಡಿಬಿಡಿಯಾಗಿ ನೋಡಿದರೆ ಉತ್ತರ ಸಿಗುತ್ತದೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚಿನಿಂದ ತೆಗೆದದ್ದನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಬರಿಗೈಯಲ್ಲಿ ಚಿತ್ತಾರ ಗೀರುತ್ತಾರೆ. ಸಣ್ಣ ಉಳಿಯಿಂದ ಆ ಗೆರೆಗಳನ್ನು ಕೊರೆದು, ಬೆಳ್ಳಿಯ ತಂತಿಯನ್ನು ಒಳಗೆ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಮೇಲೆ ಎಣ್ಣೆ ಸವರಿದರೆ ಹೊಳಪು.

ಇದರಲ್ಲಿ ಎರಕ, ಅರ ಹಾಕುವುದು, ಉಜ್ಜುವುದು, ಕೊನೆಯ ಬಣ್ಣ ಇವನ್ನು ನಲವತ್ತರಲ್ಲೂ ಕಲಿತು ಕೂಲಿ ಗಳಿಸಬಹುದು. ಚಿತ್ತಾರ ಕೊರೆಯುವುದಕ್ಕೆ ಕಣ್ಣು, ಬೆರಳು ಎರಡೂ ಚಿಕ್ಕಂದಿನಿಂದ ಪಳಗಿರಬೇಕು. ನಲವತ್ತರಲ್ಲಿ ಶುರು ಮಾಡಿದವರು ಆ ಮಟ್ಟ ಮುಟ್ಟುವುದು ಅಪರೂಪ ಎಂದೇ ನನ್ನ ಅನಿಸಿಕೆ. ಹಾಗಾಗಿ ಉಸ್ತಾದರ ಹತ್ತಿರ ಹೋಗಿ “ನನಗೆ ಪೂರ್ತಿ ಬಿದ್ರಿ ಕಲಿಸಿ” ಅನ್ನುವ ಬದಲು “ಉಜ್ಜೋ ಕೆಲಸಕ್ಕ ಬರ್ತೀನ್ರೀ” ಎಂದರೆ ಜಾಗ ಸಿಗುವ ಸಾಧ್ಯತೆ ಜಾಸ್ತಿ. ಉಳಿದದ್ದು ನೋಡುತ್ತಾ ಬರುತ್ತದೆ. ಒಂದು ವಿಚಿತ್ರ ಗಮನಿಸಿ. ವಿಶ್ವಕರ್ಮದ 18 ಕಸುಬುಗಳ ಪಟ್ಟಿಯಲ್ಲಿ ಬಿದ್ರಿ ಎಂಬ ಹೆಸರಿಲ್ಲ. ಈ ಕೆಲಸ ಹಿಡಿದವರು ಕೇಂದ್ರದ ಕರಕುಶಲ ಇಲಾಖೆ ಕೊಡುವ ಪೆಹಚಾನ್ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. ಮೇಳ, ತರಬೇತಿ, ನೆರವು ಎಲ್ಲಕ್ಕೂ ಮೊದಲು ಕೇಳುವುದು ಅದನ್ನೇ.

ಜೂನ್ 1 ಮತ್ತು ಜನವರಿ 1

ಕೊನೆಗೆ ಕಾಗದಪತ್ರದ ಮಾತು. ಅರ್ಜಿ ನಿಲ್ಲುವುದು ಹೆಚ್ಚಾಗಿ ಇಲ್ಲೇ. ನಮ್ಮ ಹಳ್ಳಿಗಳಲ್ಲಿ ಈಗ ಮೂವತ್ತೈದು ನಲವತ್ತಾದವರ ಪೈಕಿ ಎಷ್ಟೋ ಜನರ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಜೂನ್ 1 ಆಗಿದೆ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಅಂದಾಜಿಗೆ ಬರೆದದ್ದು ಅದು. ಆಧಾರ್ ಮಾಡಿಸುವಾಗ ಕಾಗದ ತೋರಿಸದೆ ಬರೀ ವಯಸ್ಸು ಹೇಳಿದವರದು ಜನವರಿ 1 ಆಗಿದೆ. ವರ್ಷವೂ ಒಂದೆರಡು ಹೆಚ್ಚುಕಡಿಮೆ. ಪೋರ್ಟಲ್‌ನಲ್ಲಿ ಆಧಾರ್ ಸಂಖ್ಯೆ ಹಾಕಿ, ಅಂಕಪಟ್ಟಿ ಏರಿಸಿದಾಗ ಎರಡೂ ತಾಳೆಯಾಗುವುದಿಲ್ಲ. 35ರ ಗೆರೆಯ ಹತ್ತಿರ ಇರುವವರಿಗೆ ಈ ಒಂದೆರಡು ವರ್ಷವೇ ಒಳಗೆ ಹೊರಗೆ ತೀರ್ಮಾನ ಮಾಡುತ್ತದೆ.

ಶಾಲೆಯ ದಾಖಲೆ ಈ ವಯಸ್ಸಿನಲ್ಲಿ ತಿದ್ದಿಸುವುದು ಸುಲಭವಲ್ಲ. ಆಧಾರ್ ತಿದ್ದಿಸಬಹುದು, ಆದರೆ ಹುಟ್ಟಿದ ದಿನಾಂಕವನ್ನು ಸಾಮಾನ್ಯವಾಗಿ ಒಂದೇ ಸಲ ಬದಲಿಸಲು ಬಿಡುತ್ತಾರೆ. ಹಾಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದ್ದರೆ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದರಲ್ಲಿರುವಂತೆಯೇ ಬರೆಸಿ. ಹೆಸರಿನ ಅಕ್ಷರ, ತಂದೆಯ ಹೆಸರು, ಅಡ್ಡಹೆಸರು ಹಿಂದೆ ಇದೆಯೋ ಮುಂದೆ ಇದೆಯೋ ಅದನ್ನೂ ಅಲ್ಲೇ ಹೋಲಿಸಿ ನೋಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಎಂದು ಬ್ಯಾಂಕಿನಲ್ಲಿ ಕೇಳಿ, ಇಲ್ಲದಿದ್ದರೆ ಸರ್ಕಾರದ ಪಾಲಿನ ಸ್ಟೈಪೆಂಡ್ ಬರುವುದಿಲ್ಲ. ಹಳೇ ಸಿಮ್ ಪುಣೆಯಲ್ಲೇ ಬಿಟ್ಟು ಬಂದವರು ಹೊಸ ಮೊಬೈಲ್ ನಂಬರನ್ನು ಆಧಾರ್‌ಗೆ ಅದೇ ದಿನ ಸೇರಿಸಿಕೊಂಡು ಬನ್ನಿ. ಒಟಿಪಿ ಬರದಿದ್ದರೆ ಅರ್ಜಿಯ ಮೊದಲ ಪುಟವೇ ತೆರೆಯುವುದಿಲ್ಲ.